ಸಕ್ಕರೆ ಹಾಕದ ಮಾವಿನ ಪಾಯಸ

ಭಾಗ್ಯಲಕ್ಷ್ಮಿಗೆ ಮುಖಕ್ಕಿಂತ ಮೊದಲು ಬೆರಳು ನೋಡುವ ಅಭ್ಯಾಸ. ತಮಿಳುನಾಡಿನ ಪಾಪಿರೆಡ್ಡಿಪಟ್ಟಿಯ ಸರ್ಕಾರಿ ಆಸ್ಪತ್ರೆಯಲ್ಲಿ ಶುಗರ್ ನೋಡುವ ಕೋಣೆಗೆ ಅವಳು ನರ್ಸ್ ಆಗಿ ಬಂದು ಆರು ವರ್ಷವಾಗಿತ್ತು. ದಿನಕ್ಕೆ ಐವತ್ತು ಬೆರಳು. ಮಣ್ಣು ಮೆತ್ತಿದ್ದು, ಬೀಡಿಯ ಕಂದು ಹತ್ತಿದ್ದು, ಕುರಿಯ ಉಣ್ಣೆ ಕತ್ತರಿಸಿ ಒರಟಾದದ್ದು. ಬೆರಳು ನೋಡಿದರೆ ಸಾಕು, ಇವರು ಯಾವ ಕೆಲಸದವರು ಎಂದು ಹೇಳಿಬಿಡುತ್ತಿದ್ದಳು.

ಮಾರ್ಚ್ ಕೊನೆಯ ಒಂದು ಮಂಗಳವಾರ ಮೇಜಿನ ಮೇಲೆ ಬಂದ ಬೆರಳು ಮಾತ್ರ ಅವಳಿಗೆ ಗುರುತು ಕೊಡಲಿಲ್ಲ. ಉದ್ದನೆಯ, ಶುಚಿಯಾದ ಬೆರಳು. ಉಗುರಿನ ಅಂಚಿನಲ್ಲಿ ತೆಳು ಹಳದಿ. ಹತ್ತಿರಕ್ಕೆ ಎಳೆದುಕೊಂಡರೆ ಏಲಕ್ಕಿಯ ಪರಿಮಳ.

"ಕೈಯೈ ನೀಟ್ಟುಂಗ ಅಣ್ಣಾ," ಎಂದಳು, ಎಲ್ಲರಿಗೂ ಹೇಳುವಂತೆ ತಮಿಳಿನಲ್ಲೇ.

ಅವನು ಕೈ ಚಾಚಿದ. ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡು, ತನಗೆ ತಾನೇ ಎಂಬಂತೆ ಕನ್ನಡದಲ್ಲಿ ಗೊಣಗಿದ: "ಯಪ್ಪಾ, ಏನ್ ತಣ್ಣಗೈತೆ ಇವ್ಳ ಕೈ. ನೀರಿನ ಮಡಕೆ ಮುಟ್ಟಿದಂಗೈತೆ."

ಭಾಗ್ಯ ಸೂಜಿ ಚುಚ್ಚಿದಳು. ರಕ್ತದ ಹನಿ ಪಟ್ಟಿಗೆ ಹತ್ತಿಸಿದಳು. ಆಮೇಲೆ ತಲೆ ಎತ್ತದೆಯೇ ತಾಯಿಯ ಊರು ಕೊಳತ್ತೂರಿನ ಅಚ್ಚ ಕನ್ನಡದಲ್ಲಿ ಹೇಳಿದಳು: "ಈಗಷ್ಟೇ ಕೈ ತೊಳ್ದು ಬಂದೆ, ಅದ್ಕೆ ತಣ್ಣಗೈತೆ."

ಕಿಟಕಿಯ ಕಡೆ ಇದ್ದ ಮುಖ ಮೆಲ್ಲಗೆ ಇತ್ತ ತಿರುಗಿತು. ಮೂವತ್ತೈದು, ಮೂವತ್ತಾರರ ಗಂಡಸು. ಕಿವಿಯ ತುದಿಯವರೆಗೆ ಕೆಂಪಾಗಿದ್ದ. ಆ ಕೆಂಪನ್ನು ನೋಡಿ ಅವಳಿಗೆ ನಗು ಬರುವುದರಲ್ಲಿತ್ತು. ಅಷ್ಟರಲ್ಲಿ ಮೀಟರಿನ ಮೇಲೆ ಸಂಖ್ಯೆ ಬಂತು. ಮುನ್ನೂರ ಹದಿನೆಂಟು.

ನಗು ನಿಂತಿತು. "ನಿಮ್ಗೆ ಶುಗರ್ ಐತೆ ಅಂತ ಗೊತ್ತಿತ್ತಾ?"

"ಇಲ್ಲ ಸಿಸ್ಟರ್. ಎಣ್ಣೆ ಸಿಡ್ದು ತೋಳು ಸುಟ್ಟಿತ್ತು. ಒಂದೂವರೆ ತಿಂಗ್ಳಾದ್ರೂ ಆರ್ಲಿಲ್ಲ. ಡಾಕ್ಟ್ರು ಇಲ್ಲಿಗೆ ಕಳ್ಸಿದ್ರು."

ಹೆಸರು ಶಿವರಾಮನ್. ಕೆಲಸ ಕೇಳಿದಾಗ ಅಡುಗೆ ಎಂದ. ಕಲ್ಯಾಣಮಂಟಪಗಳಲ್ಲಿ ಸಿಹಿ ಮಾತ್ರ ಅವನ ಪಾಲಿನ ಕೆಲಸ. ಜನ ಹೆಚ್ಚಾಗಿ ಕೇಳುವುದು ಮಾವಿನಹಣ್ಣಿನ ಪಾಯಸವಂತೆ.

ಭಾಗ್ಯಳ ಪೆನ್ನು ಕಾರ್ಡಿನ ಮೇಲೆ ನಿಂತಿತು. "ಎರಡು ವರ್ಷದ ಹಿಂದೆ ಬೊಮ್ಮಿಡೀಲಿ ಒಂದು ಮದ್ವೆ. ಸಬ್ಬಕ್ಕಿ ಹಾಕಿ, ಹಾಲು ಗಟ್ಟಿ ಮಾಡಿ... ಅದು ನೀವಾ ಮಾಡಿದ್ದು?"

"ನಾನೇ. ತಿಂದ್ರಾ?"

"ಒಂದ್ ಕಪ್ಪು," ಎಂದಳು. ತಿಂದದ್ದು ಮೂರು. ಮೂರನೆಯದನ್ನು ಯಾರೂ ನೋಡದಂತೆ ಕೈ ತೊಳೆಯುವ ಜಾಗದ ಹತ್ತಿರ ನಿಂತು ತಿಂದಿದ್ದಳು. ಅದರ ನೆನಪಿಗೇ ಈಗಲೂ ನಾಲಗೆಯ ಬುಡದಲ್ಲಿ ಏನೋ ಕರಗಿದಂತಾಯಿತು.

ಆದರೂ ನರ್ಸಿನ ದನಿಯಲ್ಲೇ ಹೇಳಿದಳು: "ಇನ್ಮೇಲೆ ನೀವು ಅದನ್ನ ಮುಟ್ಟಂಗಿಲ್ಲ."

"ರುಚಿ ನೋಡ್ದೆ ಎಂಗ್ ಬಡಿಸ್ಲಿ ಸಿಸ್ಟರ್? ಒಂದು ಹಂಡೆಗೆ ಇಪ್ಪತ್ ಸಲ ನಾಲ್ಗೆಗೆ ಇಟ್ಟು ನೋಡ್ಬೇಕು."

"ಬೇರೆಯವ್ರ ಕೈಲಿ ನೋಡ್ಸಿ."

"ಬೇರೆಯವ್ರ ನಾಲ್ಗೆ ನಂಗೆ ಎಂಗ್ ಗೊತ್ತಾಯ್ತದೆ?"

ಅದನ್ನು ಅವನು ವಾದಕ್ಕೆಂದು ಹೇಳಲಿಲ್ಲ. ದನಿಯಲ್ಲಿ ಹೆದರಿಕೆ ಇತ್ತು. ಆ ಹೆದರಿಕೆ ಅವಳನ್ನು ಮುಟ್ಟಿತು. ಕಾರ್ಡಿನ ಮೇಲೆ ಸಂಖ್ಯೆ ಬರೆಯುತ್ತಾ ಅಂದಳು: "ಹಂಗಾದ್ರೆ ನೀವು ತಿನ್ನೋ ಅಂಥ ಪಾಯಸ ಮಾಡಿ. ಸಕ್ಕರೆ ಬಿಟ್ಟು. ಮುಂದಿನ ಮಂಗಳವಾರ ತಗೊಂಡು ಬನ್ನಿ. ವಾರ ವಾರ ಬಂದು ತೋರಿಸ್ಬೇಕು ನೀವು."

ಅವನು ಬಾಗಿಲವರೆಗೆ ಹೋಗಿ ಒಮ್ಮೆ ತಿರುಗಿ ನೋಡಿದ. ಸಕ್ಕರೆ ಬಿಟ್ಟು ಪಾಯಸ ಮಾಡು ಎಂದ ಹೆಂಗಸನ್ನು ಅವನು ಈ ಮೊದಲು ಎಲ್ಲಿಯೂ ಕಂಡಿರಲಿಲ್ಲ ಎಂಬುದು ಆ ನೋಟದಲ್ಲೇ ಇತ್ತು.

*

ಮುಂದಿನ ಮಂಗಳವಾರ ಸ್ಟೀಲ್ ಡಬ್ಬಿ ಬಂತು. ಸಕ್ಕರೆ ಬಿಟ್ಟು ಬೆಲ್ಲ ಹಾಕಿದ್ದ.

"ಬೆಲ್ಲನೂ ಅದೇ ಕೆಲ್ಸ ಮಾಡ್ತದೆ," ಎಂದಳು ಭಾಗ್ಯ. ಅವನ ಮುಖ ಬಾಡಿತು.

ಅದರ ಮುಂದಿನ ವಾರ ಮೆಡಿಕಲ್ ಶಾಪಿನಲ್ಲಿ ಸಿಗುವ ಸಿಹಿ ಗುಳಿಗೆ ಹಾಕಿಕೊಂಡು ಬಂದ. ಒಂದು ಚಮಚ ಬಾಯಿಗಿಟ್ಟಳು. ಮೊದಲು ಸಿಹಿ, ಆಮೇಲೆ ನಾಲಗೆಯ ಹಿಂದೆ ಕಹಿ. ಇಬ್ಬರೂ ಒಂದೇ ಸಲ ಮುಖ ಸಿಂಡರಿಸಿದರು. ಒಬ್ಬರ ಮುಖ ಒಬ್ಬರು ನೋಡಿದರು. ಅವತ್ತು ಮೊದಲ ಸಲ ಅವನು ಬಾಯಿ ತುಂಬ ನಕ್ಕದ್ದನ್ನು ಅವಳು ಕಂಡಳು. ನಕ್ಕರೆ ಅವನ ಎಡಗೆನ್ನೆ ಮಾತ್ರ ಒಳಕ್ಕೆ ಹೋಗುತ್ತಿತ್ತು. ಅದನ್ನು ನೋಡಿದ್ದು ತನ್ನ ಕೆಲಸಕ್ಕೆ ಸಂಬಂಧಪಟ್ಟದ್ದಲ್ಲ ಎಂದು ಮನೆಗೆ ಹೋಗುವ ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡಳು.

ಮೂರನೆಯ ವಾರ ಸಬ್ಬಕ್ಕಿಯೂ ಹೋಯಿತು. ಅದು ಬರೀ ಹಿಟ್ಟು, ಬೇಗ ಸಕ್ಕರೆಯಾಗುತ್ತದೆ ಎಂದು ಅವಳು ಹೇಳಿದ್ದಳು. ಸಂತೆಗೆ ಬೆಟ್ಟದಿಂದ ಇಳಿದು ಬರುವ ಹೆಂಗಸರ ಹತ್ತಿರ ಅವನು ಸಾಮೆ ಕೊಂಡು ತಂದಿದ್ದ. ತುಪ್ಪದ ಹನಿಯಲ್ಲಿ ಹುರಿದು, ತೆಂಗಿನಹಾಲಿನಲ್ಲಿ ಬೇಯಿಸಿದ್ದ.

ತಿಂದ ಮೇಲೆ ಎರಡು ಗಂಟೆ ಕಾಯಬೇಕು. ಆಗಲೇ ಬೆರಳು ಚುಚ್ಚಿ ನೋಡಿದರೆ ಆ ತಿಂಡಿ ಮೈಗೆ ಏನು ಮಾಡಿತು ಎಂದು ತಿಳಿಯುವುದು. ಆ ಎರಡು ಗಂಟೆ ಅವನು ಆಸ್ಪತ್ರೆಯ ಹಿಂದಿನ ಬೇವಿನ ಮರದ ಕೆಳಗೆ, ಸಿಮೆಂಟ್ ಕಟ್ಟೆಯ ಮೇಲೆ ಕೂತಿರುತ್ತಿದ್ದ. ಹನ್ನೆರಡೂವರೆಗೆ ರೋಗಿಗಳ ಸಾಲು ಮುಗಿಯುತ್ತಿತ್ತು. ಭಾಗ್ಯ ತನ್ನ ಊಟದ ಡಬ್ಬಿ ಹಿಡಿದು ಅಲ್ಲಿಗೇ ಹೋಗುತ್ತಿದ್ದಳು. ನೆರಳಿಗೆ ಎಂದು.

ಬೇವು ಹೂ ಬಿಡುವ ಕಾಲ. ಸಣ್ಣ ಸಣ್ಣ ಬಿಳಿ ಹೂವು ಅವಳ ತಲೆಯ ಮೇಲೆ, ಅವನ ಅಂಗಿಯ ಜೇಬಿನೊಳಗೆ, ತೆರೆದ ಡಬ್ಬಿಯ ಮುಚ್ಚಳದ ಮೇಲೆ ಉದುರುತ್ತಿತ್ತು. ಗಾಳಿ ನಿಂತರೆ ದೂರದ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರು ಧರ್ಮಪುರಿ, ಧರ್ಮಪುರಿ ಎಂದು ಕೂಗುವುದು ಕೇಳಿಸುತ್ತಿತ್ತು.

"ನಿಮ್ಗೆ ಕನ್ನಡ ಓದೋಕೆ ಬರ್ತದಾ?" ಒಮ್ಮೆ ಅವನು ಕೇಳಿದ.

"ಎಲ್ಲಿ? ಸ್ಕೂಲೆಲ್ಲಾ ತಮಿಳು. ಮನೇಲಿ ಅಮ್ಮನ ಜತೆ ಮಾತಾಡೋದು ಅಷ್ಟೇ. ನಿಮ್ಗೆ?"

"ನಂಗೂ ಅಷ್ಟೇ. ಕನಸು ಮಾತ್ರ ಕನ್ನಡದಾಗೆ ಬೀಳ್ತದೆ."

"ಏನ್ ಕನಸು?"

ಅವನು ಡಬ್ಬಿಯ ಮುಚ್ಚಳದ ಮೇಲಿನ ಹೂವುಗಳನ್ನು ಒಂದೊಂದಾಗಿ ಪಕ್ಕಕ್ಕೆ ಸರಿಸಿದ. ಅವಳು ಮತ್ತೆ ಕೇಳಲಿಲ್ಲ.

ಇನ್ನೊಂದು ಮಂಗಳವಾರ ಅವನು ತನ್ನ ಅಪ್ಪನ ವಿಷಯ ಹೇಳಿದ. ಅವರಿಗೂ ಇದೇ ಕಾಯಿಲೆ. ಯಾರಿಗೂ ಹೇಳದೆ ಮುಚ್ಚಿಟ್ಟುಕೊಂಡಿದ್ದರು. ಐವತ್ತನೇ ವಯಸ್ಸಿಗೆ ಅವರ ಕಾಲು ತೆಗೆಯಬೇಕಾಯಿತು. ಆಮೇಲೆ ಅವನನ್ನು ಸಾಕಿದ್ದೆಲ್ಲ ಅಕ್ಕ ಚೆಲ್ಲಮ್ಮ. "ಅಕ್ಕಂಗೆ ಇನ್ನೂ ಯೋಳಿಲ್ಲ. ಅಪ್ಪಂದೇ ಮುಖ ನನ್ನಲ್ಲಿ ಕಾಣ್ತದೆ ಅವ್ಳಿಗೆ. ಇದೂ ಬಂದೈತೆ ಅಂದ್ರೆ ತಡ್ಕೊಳ್ಳಲ್ಲ."

"ಕಾಲು ನೋಡ್ಕೊಂಡ್ರೆ, ಊಟ ನೋಡ್ಕೊಂಡ್ರೆ ನಿಮ್ಗೆ ಹಂಗಾಗಲ್ಲ," ಎಂದಳು ಭಾಗ್ಯ. ಕಟ್ಟೆಯ ಮೇಲಿದ್ದ ಅವನ ಕೈ ಅವಳ ಕೈಯಿಂದ ಒಂದು ಗೇಣು ದೂರದಲ್ಲಿತ್ತು. ಬೆರಳು ಹಿಡಿದು ಸೂಜಿ ಚುಚ್ಚಲು ಅವಳಿಗೆ ಆರು ವಾರಗಳಿಂದ ಒಂದಿಷ್ಟೂ ಸಂಕೋಚವಿರಲಿಲ್ಲ. ಆ ಒಂದು ಗೇಣು ದಾಟಲು ಮಾತ್ರ ಧೈರ್ಯ ಬರಲಿಲ್ಲ.

ಆ ಹೊತ್ತಿಗೆ ಅವಳು ಅವನನ್ನು ಅಣ್ಣಾ ಎನ್ನುವುದನ್ನು ಬಿಟ್ಟಿದ್ದಳು. ಅವನೂ ಸಿಸ್ಟರ್ ಎನ್ನುತ್ತಿರಲಿಲ್ಲ. ಕರೆಯಲು ಬೇರೆ ಹೆಸರು ಸಿಗದೆ, ಮಾತು ಶುರು ಮಾಡುವ ಮೊದಲು ಇಬ್ಬರೂ ಸುಮ್ಮನೆ ಒಂದು ಸಲ ಮುಖ ನೋಡಿಕೊಳ್ಳುತ್ತಿದ್ದರು.

*

ಪಾಯಸ ಮಾತ್ರ ಇನ್ನೂ ಸಪ್ಪೆ. ಸಕ್ಕರೆ ಹೋದ ಜಾಗ ಖಾಲಿಯಾಗಿಯೇ ಇತ್ತು.

"ಮಾಡೋದು ಎಂಗೆ, ಯೋಳಿ ನೋಡೋಣ," ಎಂದಳು ಭಾಗ್ಯ ಮೇ ತಿಂಗಳ ಒಂದು ಮಧ್ಯಾಹ್ನ.

"ಹಣ್ಣು ಹಿಂಡಿ ರಸ ತೆಗೀತೀನಿ. ಸಾಮೆ ಜತೆ ಒಲೆ ಮೇಲೆ ಗಟ್ಟಿ ಆಗೋವರ್ಗೂ..."

"ಹಣ್ಣನ್ನ ಯಾಕೆ ಬೇಯಿಸ್ತೀರಾ?"

"ಬೇಯಿಸ್ದೆ?"

"ನಾವು ಮನೇಲಿ ಮಾವಿನಹಣ್ಣು ಬೇಯಿಸಿ ತಿಂತೀವಾ? ಕುಯ್ದಾಗ ಬರೋ ವಾಸ್ನೇಲೇ ಅರ್ಧ ಸಿಹಿ ಐತೆ. ಅದನ್ನ ನೀವು ಹೊಗೆ ಜತೆ ಕಳಿಸ್ಬಿಡ್ತೀರಾ."

ಶಿವರಾಮನ್ ಅವಳನ್ನೇ ನೋಡಿದ. ಹದಿನೈದು ವರ್ಷ ಹಂಡೆಯ ಮುಂದೆ ನಿಂತವನಿಗೆ ಯಾರೂ ಕೇಳದ ಪ್ರಶ್ನೆ ಅದು. ಸಕ್ಕರೆ ಕರಗಬೇಕಿತ್ತು, ಅದಕ್ಕೆ ಬೇಯಿಸುತ್ತಿದ್ದ. ಸಕ್ಕರೆಯೇ ಇಲ್ಲದ ಮೇಲೆ ಯಾಕೆ ಬೇಯಿಸಬೇಕು? ಬೆರಳು ಚುಚ್ಚಿಸಿಕೊಳ್ಳುವುದನ್ನೂ ಮರೆತು ಎದ್ದು ಹೊರಟೇಬಿಟ್ಟ. ಗೇಟಿನವರೆಗೆ ಹೋದವನು ನೆನಪಾಗಿ ವಾಪಸ್ ಬಂದು, ಸಣ್ಣ ಮಕ್ಕಳ ಹಾಗೆ ಬೆರಳು ಚಾಚಿದ.

ಮುಂದಿನ ಮಂಗಳವಾರ ಡಬ್ಬಿಯ ಮುಚ್ಚಳ ತೆಗೆದಾಗಲೇ ಅವಳಿಗೆ ತಿಳಿಯಿತು. ಮಲ್ಗೋವಾದ ಪರಿಮಳ ಬೇವಿನ ನೆರಳನ್ನೆಲ್ಲ ತುಂಬಿಕೊಂಡಿತು. ಹುರಿದ ಸಾಮೆಯನ್ನು ತೆಂಗಿನಹಾಲಿನಲ್ಲಿ ಬೇಯಿಸಿ, ಆರಿಸಿ, ಪೂರ್ತಿ ತಣ್ಣಗಾದ ಮೇಲೆ ಬೇಯಿಸದ ಹಣ್ಣಿನ ರಸ ಕಲಸಿದ್ದ. ಒಂದು ಚಿಟಿಕೆ ಉಪ್ಪು, ಏಲಕ್ಕಿ. ಬೇರೇನೂ ಇಲ್ಲ.

ಭಾಗ್ಯ ಒಂದು ಚಮಚ ತಿಂದಳು. ಕಣ್ಣು ತಾನಾಗಿ ಮುಚ್ಚಿಕೊಂಡಿತು. ಮತ್ತೆ ತೆರೆದಾಗ ಅವನು ತನ್ನ ಪಾಲಿನದನ್ನು ಮುಟ್ಟದೆ ಅವಳ ಮುಖವನ್ನೇ ನೋಡುತ್ತಿದ್ದ.

"ಎಂಗೈತೆ?"

"ನೀವು ತಿಂದು ನೋಡಿ."

"ನಂಗೆ ಗೊತ್ತಾಯ್ತು," ಎಂದ. ಅವಳ ನಾಲಗೆ ಹೇಳುವುದು ಅವನಿಗೆ ಆಗಲೇ ತಿಳಿದಿತ್ತು.

ಅರ್ಧ ಬಟ್ಟಲು ತಿಂದ. ಅವತ್ತು ಮಧ್ಯಾಹ್ನ ಅನ್ನ ಬಿಡಬೇಕು ಎಂದು ಅವಳು ಮೊದಲೇ ಎಚ್ಚರಿಸಿದ್ದಳು. ಎರಡು ಗಂಟೆಯ ನಂತರ ಮೀಟರು ನೂರ ಅರವತ್ತೆರಡು ತೋರಿಸಿತು. ಆ ಸಂಖ್ಯೆಯನ್ನು ಇಬ್ಬರೂ ತಲೆ ತಗ್ಗಿಸಿ ಒಟ್ಟಿಗೇ ಓದಿದರು. ಅವನ ಉಸಿರು ಅವಳ ಕೆನ್ನೆಗೆ ತಾಗಿತು. ಇಬ್ಬರಲ್ಲಿ ಯಾರೂ ಬೇಗ ತಲೆ ಎತ್ತಲಿಲ್ಲ.

*

ಆ ವಾರವೇ ಶುಕ್ರವಾರ ಗಂಗಲಕ್ಷ್ಮಮ್ಮ ಬಂದರು. ಧರ್ಮಪುರಿಯವರು, ಭಾಗ್ಯಳ ತಾಯಿಗೆ ದೂರದ ನೆಂಟರು. ಬಾಗಿಲು ಮುಂದಕ್ಕೆ ತಳ್ಳಿ ಮೆಲ್ಲಗೆ ಕೇಳಿದರು: "ಬಾಗ್ಯ, ಅಡುಗೆ ಶಿವರಾಮನ್ ನಿನ್ ರೂಮಿಗೆ ಬರ್ತಾನಂತಲ್ಲ. ನಮ್ ಅಣ್ಣನ ಮಗ್ಳನ್ನ ಅವ್ನಿಗೆ ಕೊಡೋ ಮಾತು ನಡೀತೈತೆ. ಅವ್ನ ಅಕ್ಕನೇ ಬಂದು ಕೇಳಿದ್ಲು. ಭಾನುವಾರ ನಾವು ಮನೆ ನೋಡೋಕ್ಕೋಯ್ತೀವಿ. ಅವ್ನಿಗೆ ಶುಗರ್ ಗಿಗರ್ ಏನಾದ್ರೂ ಐತಾ?"

ಭಾಗ್ಯಳ ಕೈಯಲ್ಲಿದ್ದ ಹತ್ತಿಯ ಉಂಡೆ ಕೆಳಗೆ ಬಿತ್ತು. ಬಗ್ಗಿ ಎತ್ತಿಕೊಂಡಳು. ಐತೆ ಎಂಬ ಎರಡಕ್ಷರ ಸಾಕಿತ್ತು. ಮಾತುಕತೆ ಅಲ್ಲಿಗೇ ಮುರಿಯುತ್ತಿತ್ತು.

"ಇಲ್ಲಿಗೆ ಬರೋ ಯಾರ ವಿಷಯನೂ ನಾನು ಯೋಳಂಗಿಲ್ಲ ಅತ್ತೆ."

"ನಂಗೂನಾ?"

"ಯಾರ್ಗೂ."

ಅವರು ಮುಖ ದಪ್ಪ ಮಾಡಿಕೊಂಡು ಹೋದರು. ಆ ಸಂಜೆ ಮನೆಯಲ್ಲಿ ಅಮ್ಮ ತಟ್ಟೆಗೆ ಬಡಿಸಿದ ಮುದ್ದೆ ಹಾಗೆಯೇ ಉಳಿಯಿತು. ಭಾಗ್ಯಳಿಗೆ ಮೂವತ್ತೊಂದು. ಬಂದ ಸಂಬಂಧಗಳೆಲ್ಲ ಕೆಲಸ ಬಿಡು ಎಂದಿದ್ದವು, ಅವಳು ಬಿಟ್ಟಿರಲಿಲ್ಲ. ಅದಕ್ಕಾಗಿ ಯಾವತ್ತೂ ಅತ್ತವಳಲ್ಲ. ಈಗ ಯಾರೋ ಯಾರನ್ನೋ ಮದುವೆಯಾಗುವುದಕ್ಕೆ ತನಗೇಕೆ ಊಟ ಸೇರಬಾರದು?

ಮಂಗಳವಾರದವರೆಗೆ ಕಾಯಲಿಲ್ಲ. ಶನಿವಾರವೇ ಕಾರ್ಡಿನಲ್ಲಿದ್ದ ನಂಬರಿಗೆ ಫೋನ್ ಮಾಡಿ ಅವನನ್ನು ಕರೆಸಿದಳು. ಅವನು ನಗುತ್ತಾ ಬಂದ.

"ನಾಳೆ ಹೆಣ್ಣಿನ ಕಡೆಯವ್ರು ಬರ್ತಾರಂತೆ," ಎಂದಳು.

ನಗು ಆರಿತು. "ಅಕ್ಕ ಕರ್ದವ್ಳೆ. ನಿನ್ನೆ ತಾನೇ ನಂಗೆ ಗೊತ್ತಾಗಿದ್ದು."

"ಆ ಹುಡುಗಿಗೆ ನಿಮ್ ಕಾಯಿಲೆ ಗೊತ್ತಾಗ್ಬೇಕು. ನಾನು ಯೋಳಂಗಿಲ್ಲ. ನೀವೇ ಯೋಳ್ಬೇಕು."

"ಅಕ್ಕಂಗೇ ಯೋಳಿಲ್ಲ ನಾನು."

"ನಿಮ್ ಅಪ್ಪನೂ ಯೋಳಿರ್ಲಿಲ್ಲ."

ಆಡಿದ ಮೇಲೆ ಆ ಮಾತು ಎಷ್ಟು ಗಟ್ಟಿಯಾಗಿ ಬಿತ್ತು ಎಂದು ಅವಳಿಗೆ ಅರಿವಾಯಿತು. ಶಿವರಾಮನ್ ಮೇಜಿನ ಅಂಚನ್ನು ನೋಡುತ್ತಾ ನಿಂತ. ಆಮೇಲೆ ಬಹಳ ಮೆಲ್ಲಗೆ, "ಸರಿ ಸಿಸ್ಟರ್," ಎಂದು ಹೊರಟುಹೋದ.

ಆ ಸಿಸ್ಟರ್ ಎಂಬ ಮಾತು ಅವಳಿಗೆ ಚುಚ್ಚಿದಷ್ಟು ಅವಳ ಸೂಜಿ ಯಾರಿಗೂ ಚುಚ್ಚಿರಲಿಲ್ಲ.

*

ಎರಡು ಮಂಗಳವಾರ ಅವನು ಬರಲಿಲ್ಲ. ಬೇವಿನ ಹೂ ಮುಗಿದು ಹಸಿರು ಕಾಯಿ ಬಿಟ್ಟಿತ್ತು. ಭಾಗ್ಯ ಊಟವನ್ನು ಕೋಣೆಯೊಳಗೇ ಮಾಡಿದಳು. ಬೀದಿಯಲ್ಲಿ ತಳ್ಳುಗಾಡಿಯ ಮಾವಿನ ವಾಸನೆ ಬಂದರೆ ಕಿಟಕಿ ಹಾಕಿಕೊಳ್ಳುತ್ತಿದ್ದಳು. ಹಾಕಿದ ಮೇಲೆ ಕೋಣೆ ಇನ್ನೂ ಖಾಲಿಯಾಗಿ ಕಾಣುತ್ತಿತ್ತು, ಮತ್ತೆ ತೆರೆಯುತ್ತಿದ್ದಳು.

ಮೂರನೆಯ ಮಂಗಳವಾರ ಐವತ್ತರ ಆಸುಪಾಸಿನ ಹೆಂಗಸೊಬ್ಬಳು ಎದುರು ಕೂತು, ಟೋಕನ್ ಕೊಡದೆ ನೇರವಾಗಿ ಬೆರಳು ಚಾಚಿದಳು. ತುಸು ನಕ್ಕಾಗ ಎಡಗೆನ್ನೆ ಅದೇ ರೀತಿ ಒಳಕ್ಕೆ ಹೋಯಿತು.

"ನಾನು ಚೆಲ್ಲಮ್ಮ. ಶಿವರಾಮನ್ ಅಕ್ಕ. ನಂಗೂ ನೋಡವ್ವ. ನಮ್ಮಪ್ಪಂಗಿತ್ತು, ತಮ್ಮಂಗೈತೆ, ನಂಗೆ ಬಿಟ್ಟಿರ್ತದಾ?"

ಭಾಗ್ಯ ಚುಚ್ಚಿದಳು. ನೂರ ಇಪ್ಪತ್ತು. "ನಿಮ್ಗೆ ಇಲ್ಲ ಅಕ್ಕಾ."

ಚೆಲ್ಲಮ್ಮ ಉಸಿರು ಬಿಟ್ಟು, ಹೋಗದೆ ಅಲ್ಲೇ ಕೂತಳು. "ಆ ಭಾನುವಾರ ಒಂಬತ್ತು ಜನ ಬಂದಿದ್ರು. ನಾನು ಸಜ್ಜಿಗೆ ಮಾಡಿದ್ದೆ. ಇವ್ನು ಒಳಗಿಂದ ಪಾಯ್ಸ ತಂದು ಎಲ್ರ ಕೈಗೂ ಕೊಟ್ಟ. ಚೆನ್ನಾಗೈತೆ ಅಂತ ಬಟ್ಟಲು ಬಳ್ಕೊಂಡು ತಿಂದ್ರು. ಆಗ ಯೋಳ್ದ ನೋಡು, ಇದ್ರಾಗೆ ಸಕ್ಕರೆ ಇಲ್ಲ, ನಂಗೆ ಶುಗರ್ ಐತೆ, ಅದ್ಕೇ ಹಿಂಗ್ ಮಾಡಿದ್ದು ಅಂತ. ಗಂಗಲಕ್ಷ್ಮಮ್ಮ ಎದ್ದು ನಿಂತ್ಲು. ಆ ನರ್ಸು ನಮ್ಗೆ ಒಂದ್ ಮಾತು ಯೋಳ್ಲಿಲ್ಲ ಅಂತ ಬೈದ್ಲು. ಇವ್ನು ಏನಂದ ಗೊತ್ತಾ? ಅವ್ರು ಯೋಳಲ್ಲ, ನನ್ ಕೈಲೇ ಯೋಳ್ಸಿದ್ರು ಅಂದ."

ಭಾಗ್ಯ ತಲೆ ತಗ್ಗಿಸಿದಳು. "ನಿಮ್ಗೆ ಕೋಪ ಬಂದಿರ್ಬೇಕು."

"ಬಂತು. ಎರಡು ದಿನ ಅತ್ತೆ. ಆಮೇಲೆ ನೋಡಿದ್ರೆ ಅವ್ನ ತೋಳಿನ ಗಾಯ ಮಾಯ್ದೈತೆ. ನಮ್ಮಪ್ಪಂದು ಮಾಯ್ಲೇ ಇಲ್ಲ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಮಾತ್ರೆ ತಗೋತಾನೆ. ಆದ್ರೆ ಇಲ್ಲಿಗೆ ಬರಕ್ಕೆ ಮುಖ ಇಲ್ಲ ಅಂತಾನೆ. ನಾಳಿದ್ದು ಗುರುವಾರ ಬೊಮ್ಮಿಡಿ ಮಂಟಪದಾಗೆ ಅಡುಗೆ ಐತೆ. ಅಷ್ಟೇ ಯೋಳೋಣ ಅಂತ ಬಂದೆ."

ಬಾಗಿಲು ದಾಟುವಾಗ ಚೆಲ್ಲಮ್ಮ ಒಮ್ಮೆ ನಿಂತು ಭಾಗ್ಯಳನ್ನು ತಲೆಯಿಂದ ಕಾಲವರೆಗೆ ನೋಡಿದಳು. ಒಂಬತ್ತು ಜನರನ್ನು ಮನೆಗೆ ಕರೆಯುವ ಬದಲು ಇಲ್ಲಿಗೇ ಬರಬೇಕಿತ್ತು ಎನ್ನುವ ಹಾಗಿತ್ತು ಆ ನೋಟ.

*

ಗುರುವಾರ ಭಾಗ್ಯ ಅರ್ಧ ದಿನ ರಜೆ ಹಾಕಿ ಬೊಮ್ಮಿಡಿ ಬಸ್ಸು ಹತ್ತಿದಳು. ಕಿಟಕಿಯಾಚೆ ತೋಟಗಳಲ್ಲಿ ಕೊನೆಯ ಕಾಯಿಗಳ ಭಾರಕ್ಕೆ ಕೊಂಬೆಗಳು ಬಾಗಿದ್ದವು. ಏನು ಹೇಳಬೇಕೆಂದು ದಾರಿಯಲ್ಲಿ ನಾಲ್ಕು ರೀತಿ ಯೋಚಿಸಿಕೊಂಡಳು. ಇಳಿಯುವಾಗ ನಾಲ್ಕೂ ಮರೆತುಹೋಗಿದ್ದವು.

ಮಂಟಪದ ಹಿಂದೆ ತಗಡಿನ ಚಪ್ಪರ. ಶಿವರಾಮನ್ ಹಂಡೆಯ ಮುಂದೆ ನಿಂತಿದ್ದ. ಪಕ್ಕದ ಮೇಜಿನ ತುಂಬ ಕುಯ್ದಿಟ್ಟ ಮಾವು. ಅವಳನ್ನು ಕಂಡು ಸೌಟನ್ನು ಹಂಡೆಯಲ್ಲೇ ಬಿಟ್ಟ. ಇವತ್ತು ಅವಳು ಬಿಳಿ ಕೋಟಿನಲ್ಲಿರಲಿಲ್ಲ. ಎಲೆಹಸಿರು ಸೀರೆ, ಮುಡಿಯಲ್ಲಿ ಎರಡು ಎಳೆ ಕನಕಾಂಬರ. ಅವನ ನೋಟ ಆ ಹೂವಿನವರೆಗೆ ಹೋಗಿ, ಅಲ್ಲಿಂದ ಇಳಿಯಲು ದಾರಿ ತಿಳಿಯದೆ ನಿಂತುಬಿಟ್ಟಿತು.

"ಮೂರು ಮಂಗಳವಾರ ಬರ್ಲಿಲ್ಲ ನೀವು."

"ಮುಂದಿನ ತಿಂಗ್ಳು ಮಾತ್ರೆಗೆ ಬರ್ತಿದ್ದೆ."

ಭಾಗ್ಯ ಉಸಿರು ತೆಗೆದುಕೊಂಡಳು. "ಒಂದ್ ವಿಷಯ ಯೋಳ್ಬೇಕು. ಮಾತ್ರೆ ಕೊಡೋದು, ಶುಗರ್ ನೋಡೋದು ಎಲ್ಲಾ ತಿಂಗ್ಳಿಗೊಂದ್ಸಲ. ವಾರ ವಾರ ಬರ್ಬೇಕು ಅಂತ ರೂಲ್ ಏನೂ ಇಲ್ಲ. ನಾನೇ ಯೋಳಿದ್ದು."

"ಗೊತ್ತು," ಎಂದ ಅವನು.

"ಗೊತ್ತಾ?"

"ಮೊದಲ್ನೇ ವಾರವೇ ಸಾಲಿನಾಗೆ ಪಕ್ಕ ಕೂತಿದ್ದ ಪಾಪಣ್ಣ ತಾತ ಕೇಳಿದ್ರು, ನೀನ್ಯಾಕಪ್ಪ ವಾರಕ್ಕೇ ಬಂದೆ ಅಂತ."

"ಮತ್ತೆ ಯಾಕ್ ಬರ್ತಿದ್ರಿ?"

ಅವನು ನಕ್ಕ. ಎಡಗೆನ್ನೆ ಒಳಕ್ಕೆ ಹೋಯಿತು. ಈ ಸಲ ಅದನ್ನು ನೋಡಲು ಅವಳು ತನಗೆ ತಾನೇ ಯಾವ ಕಾರಣವನ್ನೂ ಹೇಳಿಕೊಳ್ಳಲಿಲ್ಲ.

ಆದರೆ ಅವನ ಮುಖ ಮತ್ತೆ ಗಂಭೀರವಾಯಿತು. "ಯೋಚ್ನೆ ಮಾಡಿ ಬಾಗ್ಯ. ಇದು ವಾಸಿ ಆಗೋ ಕಾಯಿಲೆ ಅಲ್ಲ. ಅಪ್ಪನ ಕಾಲು ನೋಡಿದೋನು ನಾನು. ನೀವು ಪಾಪ ಅಂತ ಬಂದಿದ್ರೆ..."

ಮೊದಲ ಸಲ ಅವನ ಬಾಯಲ್ಲಿ ತನ್ನ ಹೆಸರು. ಅವಳು ಒಂದು ಹೆಜ್ಜೆ ಹತ್ತಿರ ಬಂದಳು. "ದಿನಕ್ಕೆ ಐವತ್ ಜನ ಶುಗರ್‌ನೋರ್ನ ನೋಡ್ತೀನಿ ನಾನು. ಎಲ್ರ ಮೇಲೂ ಪಾಪ ಅನ್ಸ್ತದೆ. ಅವ್ರಲ್ಲಿ ಒಬ್ರಿಗೂ ನಾನು ಬಾಗ್ಲು ನೋಡ್ಕೊಂಡು ಕಾದಿಲ್ಲ."

ಹಂಡೆಯಲ್ಲಿ ಸಾಮೆ ಮೆಲ್ಲಗೆ ಕುದಿಯುತ್ತಿತ್ತು. ಅವಳು ಕೈ ಚಾಚಿದಳು. ಅವನ ಅಂಗೈಯ ಮೇಲೆ ತನ್ನ ಅಂಗೈ ಇಟ್ಟು, ಬೆರಳುಗಳ ನಡುವೆ ಬೆರಳು ಸೇರಿಸಿದಳು. ಮಾವಿನ ರಸ ಇಬ್ಬರ ಕೈಗೂ ಅಂಟಿತು. ಒಳಗೆ ನಾಗಸ್ವರದವರು ಶ್ರುತಿ ಹಿಡಿಯುತ್ತಿದ್ದರು. ಹೊರಗೆ ಇವರಿಬ್ಬರೂ ಒಲೆಯ ಬಿಸಿಗೆ ಮುಖ ಕೆಂಪಾಗಿಸಿಕೊಂಡು ನಿಂತಿದ್ದರು.

ಇನ್ನೊಂದು ಕೈಯಿಂದ ಅವಳು ಫೋನ್ ತೆಗೆದು ಅಮ್ಮನಿಗೆ ಹಚ್ಚಿದಳು.

"ಅಮ್ಮಾ, ಭಾನುವಾರ ಇಬ್ರು ಊಟಕ್ಕೆ ಬರ್ತಾರೆ. ಅಡುಗೆ ಶಿವರಾಮನ್ ಅಂತ. ಜತೆಗೆ ಅವ್ರ ಅಕ್ಕ... ಹೂಂ, ಅದಕ್ಕೇನೇ. ನಾನೇ ಬರಕ್ಕೆ ಯೋಳ್ತಿದ್ದೀನಿ." ಸ್ವಲ್ಪ ತಡೆದಳು. ಅವನ ಕೈ ಬಿಗಿಯಾಯಿತು. "ಇನ್ನೊಂದ್ ಮಾತು. ಅವ್ರಿಗೆ ಶುಗರ್ ಐತೆ."

ಶಿವರಾಮನ್ ಕಣ್ಣು ನೆಲಕ್ಕಿಳಿಯಿತು.

ಆಮೇಲೆ ಅಮ್ಮನ ದನಿ ಬಂತು, ಅವನಿಗೂ ಕೇಳುವಷ್ಟು ಜೋರಾಗಿ: "ಅನ್ನ ಸ್ವಲ್ಪ ಕಮ್ಮಿ ಮಾಡಿ ಅವರೆಕಾಳು ಸಾರು ಜಾಸ್ತಿ ಮಾಡ್ಲಾ? ಅದು ಅವ್ರು ತಿನ್ಬೋದಾ, ಕೇಳಿ ಯೋಳು."

ಭಾಗ್ಯ ಫೋನನ್ನು ಕಿವಿಯಿಂದ ತೆಗೆದು ಅವನ ಬಾಯಿಯ ಹತ್ತಿರ ಹಿಡಿದಳು.

"ತಿಂತೀನಿ ಅಮ್ಮಾ," ಎಂದ ಶಿವರಾಮನ್.